ಅತ್ತೆ ಮನೆ ಫೋನಿನ ಗರಗರ

ನಮ್ಮ ಚಿಕ್ಕಪ್ಪನ ಜೊತೆ ಬಸ್ಸಿನಲ್ಲಿ ಹೋಗುವ ಧೈರ್ಯ ನಿಮಗಿದೆಯೇ? ನನಗಂತೂ ಇಲ್ಲ. ಶಿವಾಜಿನಗರದಲ್ಲಿ ಹತ್ತಿದ ಕೂಡಲೇ ಯಾವ ಕಿಟಕಿ ಗಡಗಡ ಅನ್ನುತ್ತಿದೆಯೋ ಹುಡುಕಿ, ಟಿಕೆಟ್ಟು ಮಡಿಸಿ ಸಂದಿಗೆ ತುರುಕುತ್ತಾರೆ. ಅವರದು ಸಾಲದಿದ್ದರೆ ನನ್ನದು, ಅದೂ ಸಾಲದಿದ್ದರೆ ಪಕ್ಕದವರದು. ಒಮ್ಮೆ ಹಲಸೂರಿನಲ್ಲಿ ಚೆಕಿಂಗ್‌ನವರು ಹತ್ತಿದಾಗ ಅರ್ಧ ಬಸ್ಸಿನ ಟಿಕೆಟ್ಟು ಕಿಟಕಿಗಳಲ್ಲಿತ್ತು. "ತೆಗೆದು ನೋಡ್ಕೊಳ್ಳಿ ಸಾರ್, ಆದ್ರೆ ಇದ್ದ ಹಾಗೇ ವಾಪಸ್ ತುರುಕ್ಬೇಕು" ಅಂದರು ಚಿಕ್ಕಪ್ಪ.

ಸದ್ದಾದರೆ ಸಾಕು, ಮೈ ಮೇಲೆ ಇರುವೆ ಹರಿದ ಹಾಗೆ ಆಡುವ ಇಂಥವರಿಗೆ ದೇವರು ಎಂಥಾ ಅಕ್ಕನನ್ನು ಕೊಟ್ಟಿದ್ದ ಅಂತೀರಿ! ನಮ್ಮತ್ತೆ ಇರುವುದು ಕೆ.ಆರ್. ಪುರ ದಾಟಿದ ಮೇಲಿನ ಹಳ್ಳಿಯಲ್ಲಿ. ಮನೆ ತುಂಬ ಮಕ್ಕಳು, ಸೊಸೆಯರು, ಮಿಕ್ಸಿ, ಟಿವಿ, ಹಿತ್ತಲಲ್ಲಿ ಬೋರ್‌ವೆಲ್ ಮೋಟರು. ಕಿರಿಮಗಳು ಮಾತ್ರ ಲಂಡನ್ನಿನಲ್ಲಿ ನರ್ಸು. ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಅಲ್ಲಿ ಇಂಟರ್‌ನೆಟ್ ಫೋನು ಅಂತ ಸಣ್ಣದೊಂದು ಡಬ್ಬಿ ತಗೊಂಡಳು. ಭಾನುವಾರ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಆದರೆ ಇಲ್ಲಿ ನೀಲಗಿರಿ ತೋಪಿನ ಕಂಬಗಳ ಮೇಲೆ ನೇತಾಡಿಕೊಂಡು ಬರುವ ನಮ್ಮ ಲೈನು ಬಿಡಬೇಕಲ್ಲ? ಬರೀ ಗರಗರ. "ಅಮ್ಮಾ, ಅಲ್ಲಿ ಮಳೆನಾ?" ಅಂತ ಅವಳು ಪ್ರತಿ ವಾರ ಕೇಳೋಳಂತೆ. ಇಲ್ಲಿ ಒಣಹಾಕಿದ ಹಪ್ಪಳ ಬಿಸಿಲಿಗೆ ಸುರುಳಿ ಸುತ್ತುತ್ತಿತ್ತು.

"ಚೆನ್ನಾಗಿದೀನಿ ಅಂತಾಳೆ ಕಣೋ" ಅಂತ ಅತ್ತೆ ಚಿಕ್ಕಪ್ಪನ ಹತ್ತಿರ ಗೋಳಾಡಿದರು. "ಆ ಗರಗರದಲ್ಲಿ ನಿಜ ಹೇಳ್ತಿದಾಳೋ ಸುಳ್ಳು ಹೇಳ್ತಿದಾಳೋ ನಂಗೆ ಹೆಂಗೆ ಗೊತ್ತಾಗ್ಬೇಕು? ಗಂಟಲು ಹರ್ಕೊಂಡಿದ್ದೇ ಬಂತು. ಇನ್ಮೇಲೆ ಹಬ್ಬಕ್ಕೊಂದು ಸಲ ಮಾಡು ಸಾಕು ಅಂದ್ಬಿಡ್ತೀನಿ."

"ಅದು ಹೆಂಗೆ ಅಂತೀಯ, ನಾನೂ ನೋಡ್ತೀನಿ" ಅಂದರು ಚಿಕ್ಕಪ್ಪ. ಮಾರನೇ ದಿನವೇ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಹೊರಟರು. ಟಿಕೆಟ್ಟಿಗೆ ಇರಲಿ ಅಂತ ನನ್ನನ್ನೂ ಎಳೆದುಕೊಂಡರು.

ಹೋದವರೇ ಇಡೀ ಮನೆಯ ಬಾಯಿ ಮುಚ್ಚಿಸಿದರು. ಟಿವಿ ಬಂದ್, ಮಿಕ್ಸಿ ಬಂದ್. ನಡುಮನೆಯ ಕಿಟಕಿ ಗಾಳಿಗೆ ಟಕಟಕ ಅನ್ನುತ್ತಿತ್ತು, ಬಸ್ ಟಿಕೆಟ್ಟು ತುರುಕಿ ಅದನ್ನೂ ಸುಮ್ಮನಾಗಿಸಿದರು. ಎಮ್ಮೆ ಕೂಗಿದ್ದಕ್ಕೆ ದೊಡ್ಡ ಸೊಸೆಯನ್ನು ದುರುಗುಟ್ಟಿ ನೋಡಿದರು, ಪಾಪ. ಆಮೇಲೆ ಫೋನೆತ್ತಿ ಒಂದು ನಂಬರ್ ಒತ್ತಿದರು. ಹಾಗೆ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ, ಮಿಕ್ಕಿದ್ದೆಲ್ಲ ಲೈನಿನ ರೋಗ. ಕಣ್ಣು ಮುಚ್ಚಿ ಕೇಳಿದರು. "ಎರಡು ರೋಗ ಇದೆ. ಒಂದು ಗೊಂಯ್, ಒಂದು ಗರಗರ. ಮೋಟರ್ ಹಾಕಿ." ಹಾಕಿದರು. ಗೊಂಯ್ ಜಾಸ್ತಿಯಾಯಿತು.

ಅತ್ತೆಯ ದೊಡ್ಡ ಮಗ ಮೋಟರಿನ ವೈರಿನ ಜೊತೆಗೇ ಸುತ್ತಿ, ಪಂಪ್‌ಮನೆಗೆ ಇನ್ನೊಂದು ಫೋನ್ ಎಳೆದಿದ್ದ. "ಮಾವ, ನಾನೇ ಕಷ್ಟಪಟ್ಟು ಎಳೆದಿದ್ದು" ಅಂದ.

"ಕೇಳಿದ್ರೇ ಗೊತ್ತಾಗುತ್ತೆ" ಅಂತ ಚಿಕ್ಕಪ್ಪ ಅದನ್ನು ಕಿತ್ತು ಸುರುಳಿ ಮಾಡಿ ಅವನ ಕೈಗೇ ಕೊಟ್ಟರು. ಗೊಂಯ್ ಹೋಯಿತು.

ಗರಗರ ಹೊರಗಿನದು. ಚಿಕ್ಕಪ್ಪ ಎಕ್ಸ್‌ಚೇಂಜಿಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು. "ಈ ಕಡೆ ಎಲ್ಲಾ ಫೋನೂ ಹಿಂಗೇ ಸಾರ್" ಅಂದ ಲೈನ್‌ಮನ್. "ಹಂಗಾದ್ರೆ ನಮ್ದರಿಂದ ಶುರು ಮಾಡಣ ನಡೀರಿ" ಅಂತ ಅವನ ಸ್ಕೂಟರಿನ ಹಿಂದೆ ತಾವೇ ಹತ್ತಿ ಕೂತರು. ತೋಪಿನ ಕಂಬವೊಂದರಲ್ಲಿ ಪ್ಲಾಸ್ಟಿಕ್ ಕವರು ಸುತ್ತಿದ್ದ ಜಾಯಿಂಟು, ಒಳಗೆಲ್ಲ ಹಸಿರು ಕಿಲುಬು. ಕತ್ತರಿಸಿ ಹೊಸದಾಗಿ ಸೇರಿಸಿದ ಮೇಲೆ ಲೈನು ಗಪ್‌ಚಿಪ್.

ಭಾನುವಾರ ಮಗಳ ಫೋನು ಬಂತು. ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟ. ಚಿಕ್ಕಪ್ಪ ಮೀಸೆ ತಿರುವಿದರು. ಅಷ್ಟರಲ್ಲಿ ಅತ್ತೆ "ಹಲೋ, ಹಲೋ? ಕಟ್ಟಾಯ್ತು" ಅಂತ ಇಟ್ಟೇಬಿಟ್ಟರು. ಅವಳು ಮತ್ತೆ ಮಾಡಿದಳು. ಮತ್ತೆ ಹಾಗೇ. ಆಗಿದ್ದಿಷ್ಟೇ: ಗರಗರ ಹೋದ ಮೇಲೆ, ಮಗಳು ಮಾತು ನಿಲ್ಲಿಸಿದರೆ ಆ ಕಡೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಉಸಿರೂ ಇಲ್ಲ.

ಮೂರನೇ ಸಲ ಚಿಕ್ಕಪ್ಪನೇ ಫೋನೆತ್ತಿಕೊಂಡರು. "ನೀನು ಸುಮ್ನಿದ್ರೆ ನಿನ್ನ ಡಬ್ಬಿ ಏನೂ ಕಳಿಸ್ತಿಲ್ಲಮ್ಮ, ಇಂಟರ್‌ನೆಟ್ ಉಳಿತಾಯ ಮಾಡ್ತಿದೆ. ಅದರ ಸೆಟ್ಟಿಂಗ್‌ನಲ್ಲಿ ಸೈಲೆನ್ಸ್ ಅಂತೇನೋ ಇರುತ್ತೆ, ಹುಡುಕು. ಸಿಕ್ತಾ? ತೆಗೆದ್ಹಾಕು ಅದನ್ನ."

ಹುಟ್ಟಿದಾಗಿನಿಂದ ಸದ್ದು ಅಡಗಿಸಿಕೊಂಡು ಬಂದ ಮನುಷ್ಯ ಈಗ ನಿಶ್ಶಬ್ದ ಬೇಡ ಅಂತಿದ್ದಾರಲ್ಲ ಅಂತ ನನಗೆ ನಗು ತಡೆಯಲಾಗಲಿಲ್ಲ.

ಫೋನು ಅತ್ತೆಯ ಕೈಗೆ ಬಂತು. ಅತ್ತೆ ಕಿವಿಗೊತ್ತಿಕೊಂಡು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಅಳ್ತಿದೀಯೇನೇ?" ಅಂದರು. "ಸುಳ್ಳು ಹೇಳ್ಬೇಡ, ನಂಗೆ ಕೇಳುಸ್ತಾ ಇದೆ. ಅಳು, ಪರವಾಗಿಲ್ಲ. ನಾನು ಇಡಲ್ಲ."

ನನ್ನ ನಗು ನಿಂತುಹೋಯಿತು. ತಾಯಿ ಮಗಳು ಇಬ್ಬರೂ ಬಹಳ ಹೊತ್ತು ಮಾತೇ ಆಡಲಿಲ್ಲ. ಚಿಕ್ಕಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ, ಆವತ್ತು ತಾವೇ ತುರುಕಿದ್ದ ಬಸ್ ಟಿಕೆಟ್ಟನ್ನು ಎಳೆದು ತೆಗೆದರು. ಕಿಟಕಿ ಟಕಟಕ ಅನ್ನತೊಡಗಿತು.

"ಹೂಂ ಕಣೆ" ಅಂದರು ಅತ್ತೆ ಫೋನಿನಲ್ಲಿ. "ನಮ್ಮನೆ ಕಿಟಕಿನೇ ಅದು."