ಚಂಪಾಳ ಗ್ರಂಥಿ ಮತ್ತು ಪಾಡವಾದ ಬೆಲ್ಲ

ನನ್ನ ಮೂಗಿನ ಬಗ್ಗೆ ಮೊದಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಜಂಬವಲ್ಲ, ಬರೀ ಮಾಹಿತಿ! ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ಅಂಗಡಿ. ಒಂದು ಚೂರು ಬೆಲ್ಲ ಮುರಿದು ಮೂಗಿನ ಹತ್ತಿರ ಹಿಡಿದರೆ ಸಾಕು, ಪಾಕ ಸೀದಿದೆಯೇ, ಸುಣ್ಣ ಜಾಸ್ತಿ ಬಿದ್ದಿದೆಯೇ, ಕಬ್ಬು ಗಾಣದ ಮುಂದೆ ಒಣಗಿತ್ತೇ ಎಲ್ಲವನ್ನೂ ಹೇಳಬಲ್ಲೆ. ಪೇಟೆಯವರು ಕಣ್ಣಾರೆ ಕಂಡದ್ದನ್ನಾದರೂ ನಂಬಲಿಕ್ಕಿಲ್ಲ, ನನ್ನ ಮೂಗನ್ನು ನಂಬುತ್ತಿದ್ದರು. ನಂಬುತ್ತಿದ್ದರು ಎಂದು ಭೂತಕಾಲದಲ್ಲಿ ಯಾಕೆ ಬರೆದೆ ಎಂಬುದೇ ಈ ಕಥೆ.

ದೀಪಾವಳಿಯ ಪಾಡವಾದಂದು, ಅಂದರೆ ಬಲಿಪಾಡ್ಯಮಿಯ ದಿನ, ನಮ್ಮಲ್ಲಿ ಹೊಸ ಬೆಲ್ಲದ ಮುಹೂರ್ತದ ಸೌದಾ, ಅಂದರೆ ಹಂಗಾಮಿನ ಮೊದಲ ಲಿಲಾವು. ರೈತರು ತಂದ ಮೊದಲ ಬೆಲ್ಲದ ಗಡ್ಡೆಗೆ ಹೂವಿನ ಹಾರ ಹಾಕಿ ಪೂಜೆ ಮಾಡುತ್ತಾರೆ. ಆಮೇಲೆ ಹಿರಿಯ ವ್ಯಾಪಾರಿಯೊಬ್ಬ ಚೂರು ಮುರಿದು ಮೂಸಿ, "ಚೋಖಾ ಐತಿ!" ಎನ್ನಬೇಕು, ಅಂದರೆ ಅಪ್ಪಟ ಬೆಲ್ಲವೆಂದು ಸಾರಬೇಕು. ಹಾಗೆಂದ ಮೇಲೆಯೇ ಹರಾಜಿನ ಕೂಗು ಶುರು. ಅಪ್ಪನ ನಂತರ ಆ ಮಾನ ನನಗೆ ಬಂದಿತ್ತು. ಆ ವರ್ಷ ಮೊದಲ ಗಡ್ಡೆ ಇಡುವ ಸರದಿ ಅಕಿವಾಟದ ಬಾಳಗೊಂಡಣ್ಣನದು. ಆತ ಎಷ್ಟೋ ವರ್ಷಗಳಿಂದ ಕಾದಿದ್ದ ಸರದಿ. ಹಬ್ಬದ ಮುಂಚೆಯೇ ಫೋನು ಮಾಡಿ, "ಶೇಟಜಿ, ಈ ಸಲ ನಮ್ಮ ಬೆಲ್ಲಕ್ಕ ನಿಮ್ಮ ಬಾಯಾಗಿಂದ ಚೋಖಾ ಅನಿಸ್ಕೊಂಡ್ರ ನಮ್ಮ ಅಪ್ಪನ ಆತ್ಮಕ್ಕ ಸಮಾಧಾನ ಆಕ್ಕೈತ್ರಿ" ಎಂದಿದ್ದ. ನಾನು ದೊಡ್ಡ ಮನಸ್ಸಿನಿಂದ, "ನೋಡೂಣು, ಮೂಗು ಏನ್ ಹೇಳತೈತೋ" ಎಂದಿದ್ದೆ!

ಇನ್ನು ಚಂಪಾ. ಗಡಹಿಂಗ್ಲಜದಲ್ಲಿರುವ ನನ್ನ ಹೆಂಡತಿಯ ತಮ್ಮ ಪ್ರೀತಿಯಿಂದ ಕೊಟ್ಟ ಬಿಳಿ ಕೂದಲಿನ ಪುಟ್ಟ ನಾಯಿ. ಸಂಪಿಗೆ ಹೂವಿನ ಹೆಸರು ಇಟ್ಟವನು ನಾನೇ. ಹಬ್ಬ ಹತ್ತಿರ ಬಂದಾಗ ಅವಳಿಗೆ ಒಂದು ಹೊಸ ಚಾಳಿ ಹತ್ತಿತು. ಮುಂಗಾಲು ಊರಿ, ಹಿಂಭಾಗವನ್ನು ನೆಲಕ್ಕೆ ಒತ್ತಿ, ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ಜಾರಿಕೊಂಡು ಹೋಗುವುದು. ನಾನು ಅದನ್ನು ಯೋಗಾಸನವೆಂದು ತಿಳಿದು ಮೆಚ್ಚಿಕೊಂಡೆ. ಫೋಟೋ ತೆಗೆದು ಬೀಗರಿಗೆಲ್ಲ ಕಳಿಸಿದೆ.

ನನ್ನ ಹೆಂಡತಿ ಸುವರ್ಣಾ ಸಿಟ್ಟಾದಳು. "ಯೋಗಾ ಅಲ್ರೀ ಅದು! ಅದಕ್ಕೇನೋ ತ್ರಾಸ ಆಗಾಕತ್ತೈತಿ. ಮೊದಲ ಡಾಕ್ಟರಿಗೆ ಫೋನ್ ಮಾಡ್ರಿ."

ಮಾಡಿದೆ. ದನದ ಡಾಕ್ಟರರು ಶಾಂತವಾಗಿ ಕೇಳಿಕೊಂಡು ಹೇಳಿದರು: "ಬಾಲದ ಕೆಳಗ, ಗುದದ ಎರಡೂ ಕಡೆ ಸಣ್ಣ ಚೀಲದಂಥಾ ಗ್ರಂಥಿ ಇರ್ತಾವ್ರಿ. ಅವು ತುಂಬ್ಯಾವ. ಹಬ್ಬ ಮುಗದ ಕೂಡ್ಲೆ ಕರ್ಕೊಂಡ ಬರ್ರಿ, ಎರಡ ಮಿನಿಟಿನ ಕೆಲಸ. ಆದ್ರ ಮನ್ಯಾಗ ನೀವು ಕೈ ಹಚ್ಚಾಕ ಹೋಗಬ್ಯಾಡ್ರಿ."

ಇಷ್ಟು ಉದ್ದದ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ಎರಡು ಮಿನಿಟಿನ ಕೆಲಸ' ಎಂಬುದೊಂದೇ.

ಪಾಡವಾದ ಬೆಳಿಗ್ಗೆ ಬಂತು. ನಾನು ಉಟಣೆ ಎಂಬ ಸುಗಂಧದ ಪುಡಿ ಹಚ್ಚಿ ಅಭ್ಯಂಗಸ್ನಾನ ಮಾಡಿ, ಹೊಸ ಧೋತರ ಉಟ್ಟು, ಅಪ್ಪನ ಕಾಲದ ಬಂಗಾರದ ಉಂಗುರವನ್ನು ಬಲಗೈಗೆ ಏರಿಸಿದೆ. ಮುಹೂರ್ತಕ್ಕೆ ಆ ಉಂಗುರ ಬೇಕೇ ಬೇಕು. ಸುವರ್ಣಾ ಅಂಗಳದಲ್ಲಿ ಗರಿ ಬಿಚ್ಚಿದ ನವಿಲಿನ ರಂಗೋಲಿ ಹಾಕಿ, ಬಣ್ಣ ತುಂಬಿ, ಸೊಂಟ ಹಿಡಿದುಕೊಂಡು ಎದ್ದು ನಿಂತಳು. ಅದೇ ಹೊತ್ತಿಗೆ ಚಂಪಾ ಬಂದಳು. ನವಿಲಿನ ತಲೆಯ ಮೇಲೆ ಕೂತಳು. ಅಲ್ಲಿಂದ ಜಾರುತ್ತ ಜಾರುತ್ತ ತುಳಸಿಕಟ್ಟೆ ಮುಟ್ಟಿದಳು. ನವಿಲು ಹೋಯಿತು. ನಾಯಿಗೆ ಮಾತ್ರ ಗರಿ ಬಂದಿತ್ತು!

ಸುವರ್ಣಾಳ ಮುಖ ನೋಡಿ ನನ್ನೊಳಗಿನ ಗಂಡಸು ಎದ್ದ.

"ಸುವರ್ಣಾ, ಹಬ್ಬದ ದಿನ ಮೂಕ ಪ್ರಾಣಿ ತ್ರಾಸ ಪಡಬಾರದು. ಆ ಗ್ರಂಥಿ ನಾ ಈಗ ಖಾಲಿ ಮಾಡ್ತೇನಿ."

"ಹೊಸ ಧೋತರ ಉಟ್ಕೊಂಡು?"

"ಎರಡ ಮಿನಿಟಿನ ಕೆಲಸ ಅಂದಾರ ಡಾಕ್ಟರ್."

"ಅವರಿಗೆ ಎರಡ ಮಿನಿಟ್ರೀ, ನಿಮಗಲ್ಲ!"

ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಯಾರೋ ಒಬ್ಬಳು ನಗುನಗುತ್ತ ನಿಂಬೆಹಣ್ಣು ಹಿಂಡಿದಷ್ಟು ಸುಲಭವಾಗಿ ಆ ಕೆಲಸ ಮಾಡುತ್ತಿದ್ದಳು. ಕೈಗವಸು ಹಾಕಿಕೊಳ್ಳಿ ಎಂದು ಆಕೆ ಒತ್ತಿ ಒತ್ತಿ ಹೇಳಿದಳು. ನಮ್ಮಲ್ಲಿ ಕೈಗವಸು ಎಲ್ಲಿಂದ ಬರಬೇಕು? ಬೆಲ್ಲದ ಸ್ಯಾಂಪಲ್ ತುಂಬುವ ಪ್ಲಾಸ್ಟಿಕ್ ಚೀಲವೊಂದನ್ನು ಬಲಗೈಗೆ ತೊಡಿಸಿಕೊಂಡೆ. ಅದರ ಮೂಲೆ ಹರಿದಿತ್ತೆಂಬುದು ಆಮೇಲೆ ತಿಳಿಯಿತು. ಈ ಕಥೆಯಲ್ಲಿ ಎಲ್ಲವೂ ಆಮೇಲೆಯೇ ತಿಳಿದದ್ದು.

ಸುವರ್ಣಾ ಚಂಪಾಳ ತಲೆ ಹಿಡಿದಳು. ನಾನು ಬಾಲ ಎತ್ತಿದೆ. ಶಿವನಾಮ ನೆನೆದು ಒತ್ತಿದೆ. ಏನೂ ಆಗಲಿಲ್ಲ. ಏನಾಯಿತೆಂದು ನೋಡಲು ಬಗ್ಗಿದೆ, ಮತ್ತೆ ಒತ್ತಿದೆ.

ಚಿರ್ರ್!

ಮೊದಲಿನ ಕ್ಷಣ ಏನಾಯಿತೆಂದೇ ಗೊತ್ತಾಗಲಿಲ್ಲ. ಗಲ್ಲದ ಮೇಲೆ ಏನೋ ಬೆಚ್ಚಗಾಯಿತು. ಕೈಮೇಲೆ ಏನೋ ಇಳಿಯಿತು. ಆಮೇಲೆ ವಾಸನೆ ಬಂತು. ಅಯ್ಯಯ್ಯೋ! ಜಗತ್ತಿನಲ್ಲಿ ಅಂಥದೊಂದು ವಾಸನೆ ಇದೆಯೆಂದೂ, ಅದು ನನ್ನದೇ ಮನೆಯ ಸಂಪಿಗೆಯೊಳಗೆ ಇಷ್ಟು ದಿನ ಕೂತಿತ್ತೆಂದೂ ನನಗೆ ಕನಸಿನಲ್ಲಿಯೂ ಹೊಳೆದಿರಲಿಲ್ಲ. ಬಿಸಿಲಲ್ಲಿ ಮರೆತುಹೋದ ಒಣಮೀನು, ಅದರ ಮೇಲೆ ತುಕ್ಕು ಹಿಡಿದ ಕಬ್ಬಿಣ! ನಾವು ಲಿಂಗಾಯತರು. ಮೀನುಪೇಟೆಯ ಮುಂದೆ ಮೂಗು ಮುಚ್ಚಿಕೊಂಡು ಓಡುವವರು. ಆ ಪೇಟೆಯೇ ಅಂದು ನಮ್ಮ ದೇವರಮನೆಯವರೆಗೂ ನಡೆದು ಬಂದಿತ್ತು.

ಗೋಡೆಯಾಚೆಯಿಂದ ಪಕ್ಕದ ಮನೆಯ ಮರಾಠಿ ಹಿರಿಯಾಕೆ, ಓಣಿಗೆಲ್ಲ ಕಾಕು, ಕೂಗಿದರು: "ಅಹೋ, ಪಾಡವ್ಯಾಲಾ ಬೊಂಬೀಲ್ ಭಾಜತಾಯ ಕೀ ಕಾಯ?" ಪಾಡವಾದ ದಿನ ಒಣಮೀನು ಹುರಿಯುತ್ತಿದ್ದೀರೇನು ಎಂದು ಕೇಳುತ್ತಿದ್ದರು. ಅವರ ಕಿಟಕಿಗಳು ಒಂದರ ಹಿಂದೊಂದು ಧಡಾರೆಂದು ಮುಚ್ಚಿಕೊಂಡವು.

ಸುವರ್ಣಾ ನಾಯಿಯ ತಲೆ ಬಿಟ್ಟು ಹಿತ್ತಲಿಗೆ ಓಡಿದ್ದಳು. ಚಂಪಾ ಮಾತ್ರ ಪರಮಸುಖದಿಂದ ಒಮ್ಮೆ ಮೈಕೊಡವಿ, ನವಿಲಿದ್ದ ಜಾಗದಲ್ಲಿ ಸುರುಳಿ ಸುತ್ತಿ ಮಲಗಿದಳು. ಆ ಮನೆಯಲ್ಲಿ ಹಬ್ಬ ಬಂದದ್ದು ಅವಳೊಬ್ಬಳಿಗೇ!

ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಮತ್ತೆ ಸ್ನಾನ ಮಾಡಿದೆ. ಸೋಪು, ಸೀಗೆಕಾಯಿ, ಉಳಿದ ಉಟಣೆ, ಅಡುಗೆಮನೆಯ ನಿಂಬೆಹಣ್ಣು ಎಲ್ಲ ಮುಗಿದವು. ಕೊನೆಗೆ ಅತ್ತರು ಸುರಿದುಕೊಂಡು ಕೈ ಮೂಸಿದೆ. ಏನೂ ಇಲ್ಲ! ಅರ್ಧ ತಾಸು ಆ ನಾತದಲ್ಲೇ ನಿಂತು ಮೂಗು ಸತ್ತುಹೋಗಿದೆ ಎಂಬುದು ಮೂಗಿನ ಪಂಡಿತನಿಗೆ ಹೊಳೆಯಲಿಲ್ಲ. ಪಾಡವಾದ ಪದ್ಧತಿಯಂತೆ ಸುವರ್ಣಾ ನನಗೆ ಆರತಿ ಬೆಳಗಿದಳು. ಸೆರಗು ಮೂಗಿಗೆ ಒತ್ತಿಕೊಂಡು, ಕೈ ಆದಷ್ಟು ಉದ್ದ ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು ಬೆಳಗಿದಳು. ಹಣೆಗೆ ಹಚ್ಚಬೇಕಾದ ಕುಂಕುಮ ಕಿವಿಗೆ ಬಿತ್ತು.

ಸ್ಕೂಟರಿನ ಮೇಲೆ ತಂಪು ಗಾಳಿ ಕುಡಿಯುತ್ತ, ಸತ್ತ ಮೂಗಿಗೆ ಮತ್ತೆ ಜೀವ ತುಂಬಿಕೊಂಡು ಪೇಟೆಗೆ ಬಂದೆ. ಮಂದಿ ತುಂಬಿತ್ತು. ಬಾಳಗೊಂಡಣ್ಣ ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿಕೊಂಡು, ಹಾರ ಹಾಕಿದ ತನ್ನ ಬೆಲ್ಲದ ಪಕ್ಕ ಕೈಕಟ್ಟಿ ನಿಂತಿದ್ದ. ಬೆಲ್ಲ ಏನು ಬಣ್ಣ! ನೋಡಿದೊಡನೆ 'ಚೋಖಾ' ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೂ ಶಾಸ್ತ್ರ ಶಾಸ್ತ್ರವೇ. ಚೂರು ಮುರಿದೆ. ಕಣ್ಣು ಮುಚ್ಚಿ ಮೂಸಿದೆ.

ಮೀನು!

ಕಣ್ಣು ತೆರೆದು ಮತ್ತೆ ಮೂಸಿದೆ. ಮೀನೇ! ಪೇಟೆಯ ಹಿತ ನನ್ನ ಮೂಗಿನ ಮೇಲೆ ನಿಂತಿದೆ ಎಂಬ ಭಾರವಾದ ದನಿಯಲ್ಲಿ ಘೋಷಿಸಿದೆ: "ಹೇಳಾಕ ಭಾಳ ಸಂಕಟ ಆಗತೈತಿ. ಈ ಬೆಲ್ಲ ನಾರತೈತಿ. ಮೀನದ ವಾಸನೆ!"

ಬಾಳಗೊಂಡಣ್ಣನ ಕಟ್ಟಿದ ಕೈ ಬಿಚ್ಚಿಬಿದ್ದವು. "ಮೀನಾ? ಶೇಟಜಿ, ನಾವು ಜೈನರ್ರೀ! ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ತರಂಗಿಲ್ರೀ!"

"ನನ್ನ ಮೂಗು ಸುಳ್ಳ ಹೇಳಂಗಿಲ್ಲ" ಎಂದು ಚೂರನ್ನು ಸುತ್ತಲಿದ್ದವರ ಮೂಗಿಗೆ ಹಿಡಿದೆ. ಒಬ್ಬ ಮೂಸಿ ಹಿಂದೆ ಸರಿದ. ಇನ್ನೊಬ್ಬ ಮೂಸಿ, "ಆಯಿ ಗ!" ಎಂದು ಟವೆಲು ಮೂಗಿಗೆ ಒತ್ತಿದ. ಎಲ್ಲರೂ ಬೆಕ್ಕಸಬೆರಗಾದರು. ಎರಡನೆಯ ಗಡ್ಡೆ ಮುರಿದೆ. ಮೀನು! ಕುರುಂದವಾಡದ ರೈತನ ಬೆಲ್ಲ ಮುರಿದೆ. ಅದೂ ಮೀನು! ಪೇಟೆಯಲ್ಲಿ ಗದ್ದಲ ಎದ್ದಿತು.

"ಮಳೆಗಾಲದಾಗ ಕೃಷ್ಣಾ ನದಿ ನೀರು ಕಬ್ಬಿನಾಗ ನಿಂತಿತ್ತಲ್ಲ, ಮೀನ ಅಲ್ಲೇ ಸತ್ತಾವ" ಎಂದ ಒಬ್ಬ.

"ಮೀನ ಹೇರಿದ ಟೆಂಪೋದಾಗ ಬೆಲ್ಲ ತಂದಾರ" ಎಂದ ಮತ್ತೊಬ್ಬ.

ನಾನು ಗಂಭೀರವಾಗಿ ತಲೆಯಾಡಿಸಿ ಎರಡನ್ನೂ ಒಪ್ಪಿದೆ. ಸೌದಾ ನಿಂತಿತು. ಮುಹೂರ್ತ ಕೈಬಿಡುತ್ತಿತ್ತು. ಬಾಳಗೊಂಡಣ್ಣ ಸದ್ದಿಲ್ಲದೆ ತನ್ನ ಬೆಲ್ಲದ ಮೇಲಿನ ಹಾರವನ್ನು ಬಿಚ್ಚತೊಡಗಿದ. ಅವನ ಕಣ್ಣು ತುಂಬಿದ್ದವು. ಅದನ್ನು ನೋಡಿ ನನಗೂ ಕರುಳು ಹಿಂಡಿತು. ಆದರೆ ಮೂಗು ಹೇಳಿದ ಮೇಲೆ ಕರುಳೇನು ಮಾಡೀತು?

ಆಗ ಜೇಬಿನಲ್ಲಿ ನನ್ನ ಫೋನು ಬಡಿದುಕೊಂಡಿತು. ಕೈತುಂಬ ಬೆಲ್ಲದ ಅಂಟು. ಬಾಳಗೊಂಡಣ್ಣ ಎಂಥ ಒಳ್ಳೆಯವನೆಂದರೆ, ಆ ದುಃಖದಲ್ಲಿಯೂ ಫೋನು ತೆಗೆದು, ಸ್ಪೀಕರು ಹಚ್ಚಿ ನನ್ನ ಮುಂದೆ ಹಿಡಿದ.

"ರೀ!" ಸುವರ್ಣಾಳ ದನಿ ಪೇಟೆಯ ಕೊನೆಯ ಅಂಗಡಿಯವರೆಗೂ ಕೇಳಿಸಿತು. "ಬೆಲ್ಲಕ್ಕ ಕೈ ಹಚ್ಚಬ್ಯಾಡ್ರೀ! ಬಚ್ಚಲದಾಗ ನೀವು ಉಂಗುರ ತಗದೇ ಇಲ್ಲ. ನಾಯಿ ಮುಕಳ್ಯಾಗಿಂದು ಹಾರಿದ್ದು ಎಲ್ಲಾ ಆ ಉಂಗುರದ ಬುಡಕ್ಕ ಕುಂತೈತಿ! ಕೇಳಸ್ತ? ಕಾಕು ಇನ್ನೂ ಕಿಟಕಿ ತಗದಿಲ್ಲ!"

ಬಾಳಗೊಂಡಣ್ಣ ಫೋನನ್ನು ಮೆಲ್ಲಗೆ ನನ್ನ ಜೇಬಿಗೆ ಇಳಿಸಿ, ನನ್ನ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ, ಉಂಗುರದ ಬೆರಳನ್ನು ಮೂಸಿದ. ಅವನ ಟೋಪಿ ಹಿಂದಕ್ಕೆ ಸರಿಯಿತು. ಆಮೇಲೆ ತಾನೇ ಒಂದು ಹೊಸ ಚೂರು ಮುರಿದು, ಸರದಿಯಲ್ಲಿ ಎಲ್ಲರ ಮೂಗಿಗೂ ಹಿಡಿಯುತ್ತ ಹೋದ.

"ಚೋಖಾ!" ಎಂದ ಮೊದಲಿನವನು. "ಚೋಖಾ!" ಎಂದರು ಎಲ್ಲರೂ. ಆಮೇಲೆ ಎದ್ದ ನಗುವನ್ನು ನಾನು ಬಣ್ಣಿಸಲಾರೆ. ಮೂಟೆಗಳ ಮೇಲೆ ಬಿದ್ದು ನಕ್ಕರು. ತಲೆ ತಗ್ಗಿಸಿ, ಎಲ್ಲರೆದುರು ಕೈಮುಗಿಯಹೋದೆ.

"ಕೈ ದೂರ ಇಡ್ರಿ ಶೇಟಜಿ, ಬಾಯಿಲೇ ಹೇಳ್ರಿ" ಎಂದ ಬಾಳಗೊಂಡಣ್ಣ.

"ತಪ್ಪಾತಪ್ಪಾ, ಬಾಳಗೊಂಡಣ್ಣ. ನಿನ್ನ ಬೆಲ್ಲಕ್ಕ ಅಲ್ಲ, ನನ್ನ ಮೂಗಿಗೆ ಹೊಲಸು ಹತ್ತಿತ್ತು" ಎಂದೆ. ನಾಚಿಕೆಯಿಂದ ನಿಜವಾಗಿಯೂ ಭೂಮಿಗೆ ಇಳಿದುಹೋಗಿದ್ದೆ. ಅವನೇ ಹಾರವನ್ನು ಮತ್ತೆ ಬೆಲ್ಲಕ್ಕೆ ಹಾಕಿದ. ಮುಹೂರ್ತ ಇನ್ನೂ ಸ್ವಲ್ಪ ಉಳಿದಿತ್ತು, ಕೂಗು ಎದ್ದಿತು. ಎಲ್ಲರಿಗಿಂತ ಮೇಲೆ ಕೂಗಿ ಆ ಬೆಲ್ಲ ಕೊಂಡವನು ನಾನೇ. ನಾನು ಮುಟ್ಟಿದ ಚೂರುಗಳನ್ನು ಬೇರೆಯಾಗಿ ಕಾಗದದಲ್ಲಿ ಕಟ್ಟಿ ಕೊಟ್ಟರು. ಮನೆಯಲ್ಲಿ ಅವನ್ನು ತಿಂದವಳು ಚಂಪಾ ಒಬ್ಬಳೇ, ಬಾಲ ಅಲ್ಲಾಡಿಸುತ್ತ ತಿಂದಳು.

ಹಬ್ಬ ಮುಗಿದ ಕೂಡಲೆ ಅವಳನ್ನು ಡಾಕ್ಟರರ ಹತ್ತಿರ ಕರೆದೊಯ್ದೆ. ಎರಡನೆಯ ಗ್ರಂಥಿಯನ್ನು ನಾನು ಮುಟ್ಟಿಯೇ ಇರಲಿಲ್ಲವಂತೆ. ಅವರಿಗೆ ಎರಡು ಮಿನಿಟೂ ಹಿಡಿಯಲಿಲ್ಲ.

ಪೇಟೆಯಲ್ಲಿ ಇವತ್ತಿಗೂ ಬೆಲ್ಲ ಮೂಸಲು ನನ್ನನ್ನೇ ಕರೆಯುತ್ತಾರೆ. ಮಾನ ಹೋಗಿಲ್ಲ. ಶಾಸ್ತ್ರ ಮಾತ್ರ ಸ್ವಲ್ಪ ಬದಲಾಗಿದೆ. ನಾನು ಬೆಲ್ಲ ಮೂಸುವ ಮೊದಲು ಬಾಳಗೊಂಡಣ್ಣ ಮುಂದೆ ಬಂದು, ಎಲ್ಲರ ಸಮಕ್ಷಮ, ನನ್ನ ಕೈ ಮೂಸುತ್ತಾನೆ. ಅವನು "ಚೋಖಾ ಐತಿ" ಎಂದ ಮೇಲೆಯೇ ನಾನು ಗಡ್ಡೆ ಮುಟ್ಟಬೇಕು!