ಬಿಪಿ ಮಷಿನ್ನು ಮತ್ತು ನಮ್ಮ ಡಾಕ್ಟ್ರು

ಒಳ್ಳೇ ಕೆಲಸ ಮಾಡಿದರೆ ಪುಣ್ಯ ಬರುತ್ತೋ ಇಲ್ಲವೋ ನಾನು ಹೇಳಲಾರೆ. ನಗು ಮಾತ್ರ ಖಂಡಿತ ಬರುತ್ತೆ. ಕೆನಡಾದ ಎರಿನ್ ಮಿಲ್ಸ್‌ನಲ್ಲಿ ಫಾರ್ಮಸಿಸ್ಟ್ ಆಗಿರೋ ನಾನು, ಧಾರವಾಡದ ಕಡೆಯ ಒಬ್ಬ ರಿಟೈರ್ಡ್ ಡಾಕ್ಟ್ರು, ಇನ್ನೂ ಕೆಲವರು ಸೇರಿ ಒಂದು ಚಿಕ್ಕ ಸಂಸ್ಥೆ ನಡೆಸ್ತೀವಿ. ಮಲಾವಿ ದೇಶದ ಹಳ್ಳಿಯೊಂದರ ಕ್ಲಿನಿಕ್ಕಿಗೆ ಸಾಮಾನು ಕಳಿಸೋದು, ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡೋದು ನಮ್ಮ ಕೆಲಸ. ಕೆಲಸ ಚೆನ್ನಾಗೇ ನಡೀತಿದೆ. ನಾವಂದುಕೊಂಡ ಹಾಗೆ ನಡೆದದ್ದು ಮಾತ್ರ ಕಡಿಮೆ.

ಹೊಸದಾಗೇ ಇರುತ್ತೆ

ವೀಲ್‌ಚೇರು, ವಾಕರ್ರು ಇದ್ದರೆ ಕೊಡಿ ಅಂತ ವಾಟ್ಸಾಪಲ್ಲಿ ಹಾಕಿದ್ದೆ. ಎಟೋಬಿಕೋಕ್‌ನಲ್ಲಿ ಒಬ್ಬರ ಗೋಡೌನಲ್ಲಿ ಎಲ್ಲ ಸೇರಿಸ್ತಾ ಇದ್ವಿ. ಮಿಸಿಸಾಗದ ಅಂಕಲ್ ಒಬ್ಬರು ವ್ಯಾನ್ ತುಂಬಾ ಸಾಮಾನು ತಂದು ಇಳಿಸಿದರು. ಒಳ್ಳೇ ವೀಲ್‌ಚೇರಿತ್ತು, ಸಂತೋಷವಾಯಿತು. ಅದರ ಕೆಳಗೆ ನೋಡಿದರೆ ಹಿಮ ಎತ್ತೋ ಸಲಿಕೆ.

"ಅಂಕಲ್, ಅಲ್ಲಿ ಸ್ನೋ ಬೀಳಲ್ಲ."

"ಬೀಳೋದೇ ಇಲ್ವೇನಮ್ಮಾ?"

"ಇಲ್ಲ ಅಂಕಲ್."

"ಹಂಗಾದ್ರೆ ತಗೊಂಡು ಹೋಗು. ಯಾವಾಗ್ಲೂ ಹೊಸದಾಗೇ ಇರುತ್ತೆ!"

ಅರ್ಥವಾಗೋ ಇಂಗ್ಲಿಷು

ಡಾಕ್ಟ್ರೂ ನಾನೂ ಆ ಹಳ್ಳಿಗೆ ಹೋದೆವು. ಅವರು ಇಂಗ್ಲಿಷಲ್ಲಿ ಹೇಳೋದು, ಅಲ್ಲಿನ ಕಾರ್ಯಕರ್ತೆಯೊಬ್ಬಳು ಅದನ್ನ ಊರ ಭಾಷೆಯಲ್ಲಿ ಹೇಳೋದು, ಹೀಗೆ ಸಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟ್ರಿಗೆ ಸುಸ್ತು. ಒಬ್ಬ ಅಜ್ಜಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟವರು ತಮಗೇ ಗೊತ್ತಿಲ್ಲದೆ ಕನ್ನಡದಲ್ಲೇ, "ಉಸಿರು ಜಗ್ಗ್ರಿ... ಹಾಂ, ಈಗ ಬಿಡ್ರಿ" ಅಂದರು.

ಅಜ್ಜಿ ಎಳೆದಳು, ಬಿಟ್ಟಳು. "ಇನ್ನೊಮ್ಮೆ." ಮತ್ತೆ ಎಳೆದಳು, ಬಿಟ್ಟಳು. ಅಜ್ಜಿ ಎದ್ದು ಹೋಗ್ತಾ ಏನೋ ಹೇಳಿದಳು. ಕಾರ್ಯಕರ್ತೆಗೆ ನಗು ತಡೆಯೋಕೆ ಆಗಲಿಲ್ಲ.

"ಏನಂದ್ರು?" ಅಂತ ಕೇಳಿದೆ.

"ಬೇರೆಯವರ ಇಂಗ್ಲಿಷು ಏನೇನೂ ತಿಳಿಯಲ್ಲವಂತೆ. ಈ ಡಾಕ್ಟರದ್ದು ಪೂರ್ತಿ ಅರ್ಥವಾಗುತ್ತಂತೆ."

ಕೆನಡಾದ ರೋಗಿ

ಅದೇ ಊರಲ್ಲಿ ಒಂದು ದೊಡ್ಡ ತಲೆನೋವಿತ್ತು. ಕ್ಲಿನಿಕ್ಕಿಗೆ ಬಿಪಿ ಮಷಿನ್ ಕಳಿಸಿದ್ದೆವು, ಆದರೆ ಯಾರೂ ತೋಳು ಕೊಡ್ತಿರಲಿಲ್ಲ. ತೋಳನ್ನ ಹಿಂಡಿ ರಕ್ತ ಹೀರುತ್ತೆ ಅಂತ ಪುಕಾರು. ಅಷ್ಟರಲ್ಲಿ ಇನ್ನೂ ಚಿಕ್ಕ ವಯಸ್ಸಿನ ಒಬ್ಬ ಹೆಂಗಸಿಗೆ ಲಕ್ವ ಹೊಡೆದಿತ್ತು. "ಮುಂಚೇನೇ ನೋಡಿದ್ದರೆ ಮಾತ್ರೆಯಲ್ಲೇ ತಡೀಬಹುದಿತ್ತು" ಅಂತ ಹೇಳುವಾಗ ಕಾರ್ಯಕರ್ತೆಯ ಕಣ್ಣಲ್ಲಿ ನೀರಿತ್ತು.

ಡಾಕ್ಟ್ರು ಅಂಗಿ ತೋಳು ಮಡಚಿದರು. "ಸಂತ್ಯಾಗ ಕೂಡ್ತೇನಿ, ನನ್ನ ಕೈಗೆ ಕಟ್ಟಲಿ. ಎಲ್ಲಾರೂ ನೋಡ್ಲಿ."

ಸಂತೆಯಲ್ಲಿ ಮಾವಿನ ಮರದ ಕೆಳಗೆ ಕುರ್ಚಿ ಹಾಕಿದೆವು. ಜನ ಮುತ್ತಿಕೊಂಡರು. ಮಷಿನ್ ಬುಸುಗುಟ್ಟಿ ಪೀಂ ಅಂತು. ಕಾರ್ಯಕರ್ತೆ ನಂಬರ್ ನೋಡಿದಳು, ಡಾಕ್ಟ್ರ ಮುಖ ನೋಡಿದಳು, ಮತ್ತೆ ನಂಬರ್ ನೋಡಿದಳು.

"ಡಾಕ್ಟರ್, ನೀವು ಮಾತ್ರೆ ತಗೋತಿದ್ದೀರಾ?"

"ಮಷಿನ್ ಕೆಟ್ಟಿರಬೇಕು. ಈ ಕೈಗೆ ಕಟ್ಟು."

ಆ ಕೈಯಲ್ಲೂ ಅಷ್ಟೇ. ಪ್ರಯಾಣದ ಗಡಿಬಿಡಿಯಲ್ಲಿ ಮಾತ್ರೆ ಮನೆಯಲ್ಲೇ ಮರೆತು ಬಂದಿದ್ದೇನೆ ಅಂತ ಡಾಕ್ಟ್ರು ಒಪ್ಪಿಕೊಳ್ಳಬೇಕಾಯಿತು. ಅವಳು ಬಿಡಲಿಲ್ಲ. ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ, ಮಾತ್ರೆ ತಪ್ಪಿಸಬೇಡಿ ಅಂತ ಊರ ಭಾಷೆಯಲ್ಲೂ ಇಂಗ್ಲಿಷಲ್ಲೂ ಎಲ್ಲರೆದುರು ಬೈದಳು. ಡಾಕ್ಟ್ರು ನನ್ನ ಕಡೆ ಬಾಗಿ, "ಇದನ್ನೆಲ್ಲಾ ಆಕಿಗೆ ನಾನ ಕಲಿಸೇನಿ. ಎಷ್ಟ್ ಚಂದ ಹೇಳಾಕತ್ತಾಳ ನೋಡ್ರಿ!" ಅಂದರು.

ಮಾರನೇ ಬೆಳಿಗ್ಗೆ ಕ್ಲಿನಿಕ್ ಮುಂದೆ ಜಾತ್ರೆಯಷ್ಟು ಜನ! ಅಂಗಿ ತೋಳು ಮಡಚಿಕೊಂಡೇ ಸಾಲಲ್ಲಿ ನಿಂತಿದ್ದರು. ಡಾಕ್ಟ್ರು ಎದೆ ಉಬ್ಬಿಸಿ, "ನನ್ನ ಮ್ಯಾಲೆ ನಂಬಿಕಿ ಬಂತು" ಅಂತ ಒಳಗೆ ಹೊರಟರು. ಮುಂದೆ ನಿಂತಿದ್ದ ಮುದುಕನೊಬ್ಬ ಅವರ ಕೈ ಹಿಡಿದು, ಸಾಲಿನಲ್ಲಿ ತನ್ನ ಜಾಗ ಬಿಟ್ಟುಕೊಟ್ಟು ಏನೋ ಹೇಳಿದ.

ಡಾಕ್ಟ್ರಿಗೆ ಕುತೂಹಲ. "ಏನಂತಾನ?"

ಕಾರ್ಯಕರ್ತೆ ನೆಲ ನೋಡುತ್ತಾ ಹೇಳಿದಳು: "ಪಾಪ, ಕೆನಡಾದಲ್ಲಿ ವಾಸಿಯಾಗದೆ ನಮ್ಮ ಆಸ್ಪತ್ರೆ ಹುಡುಕಿಕೊಂಡು ಇಷ್ಟು ದೂರ ಬಂದಿದ್ದಾರೆ, ಮೊದಲು ಇವರನ್ನ ನೋಡಿ ಅಂತಿದ್ದಾನೆ."