ಎರಡು ಡಿಟೆಕ್ಟರೂ ಜಯಮ್ಮನ ಓಲೆಯೂ

ಹುರುಳಿಕಾಳು ಕೇರುವುದು ಹೆಂಗಸರಿಗೆ ದೇವರು ಕೊಟ್ಟ ಬಿಡುವು ಎಂದೇ ನಾನು ತಿಳಿದಿದ್ದೇನೆ. ಕೈ ತನ್ನ ಪಾಡಿಗೆ ಮೊರ ಆಡಿಸುತ್ತಿರುತ್ತದೆ, ಹೊಟ್ಟು ತನ್ನ ಪಾಡಿಗೆ ಹಾರುತ್ತಿರುತ್ತದೆ, ಮನಸ್ಸು ಮಾತ್ರ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಸುಮ್ಮನೆ ಕೂತಿದ್ದೀಯಲ್ಲ ಎಂದು ಯಾರೂ ಅನ್ನುವಂತಿಲ್ಲ. ಆ ಗುರುವಾರ ಬೆಳಿಗ್ಗೆಯೂ ಜಗಲಿಯ ಮೇಲೆ ಕೂತು ಕೇರುತ್ತಾ, ದೇವರು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದೆ. ಇದು ನನ್ನ ಹಳೆಯ ಅಭ್ಯಾಸ. ಹಸು ಒದೆಯದೆ ಹಾಲು ಕೊಟ್ಟದ್ದು, ನಲ್ಲಿಯಲ್ಲಿ ನೀರು ಬಂದದ್ದು, ಯಜಮಾನರು ಉಪ್ಪು ಜಾಸ್ತಿಯಾದ ಸಾರನ್ನು ಗೊಣಗದೆ ಉಂಡು ಎದ್ದದ್ದು, ಇಂಥವೇ. ದೊಡ್ಡ ವರಗಳನ್ನು ಕೇಳಿ ದೇವರಿಗೆ ತೊಂದರೆ ಕೊಡುವವಳಲ್ಲ ನಾನು. ಹೀಗೆ ನೆನೆಯುತ್ತಾ, ಒಳ್ಳೆಯ ನೆರೆಯವಳನ್ನು ಕೊಟ್ಟೆಯಲ್ಲಪ್ಪ ಎಂದು ಪಕ್ಕದ ಮನೆಯ ಜಯಮ್ಮನ ಹೆಸರಿಗೆ ಬಂದಿದ್ದೆನೋ ಇಲ್ಲವೋ, ಬೇಲಿಯಾಚೆಯಿಂದ ಜಯಮ್ಮನೇ ಕೂಗಿದಳು.

"ಅಕ್ಕಾ, ಭಾನುವಾರ ನಮ್ ರತ್ನನ್ನ ನೋಡಕೆ ಬತ್ತಾವ್ರೆ. ರಾಮನಗರದ ಕಡೆ ಗಂಡು. ಆ ಓಲೆ ಒಸಿ ಕೊಟ್ಬುಡು, ಮಗೀಗೆ ಇಕ್ಬೇಕು."

ಮೊರ ನಿಂತಿತು. ಓಲೆಯ ವಿಷಯ ನನ್ನ ತಲೆಯಿಂದ ಪೂರ್ತಿ ಹೋಗಿತ್ತು. ಹದಿನೈದು ದಿನದ ಹಿಂದೆ ಗುಡೇಮಾರನಹಳ್ಳಿಯಲ್ಲಿ ಯಜಮಾನರ ಸೋದರತ್ತೆಯ ಮೊಮ್ಮಗನ ಮದುವೆ. ನನ್ನ ಕಿವಿಯಲ್ಲಿರುವುದು ಒಂದೇ ಜೊತೆ ಓಲೆ. ಸವೆದು ಸವೆದು ಹುಣಸೆಬೀಜದ ಸಿಪ್ಪೆಯಷ್ಟು ತೆಳ್ಳಗಾಗಿದೆ. ಆ ಕಡೆಯವರು ಮೊದಲು ಕಿವಿ ನೋಡಿ ಆಮೇಲೆ ಮುಖ ನೋಡುವ ಪೈಕಿ. ಹಾಗಾಗಿ ಜಯಮ್ಮನ ಕೆಂಪುಕಲ್ಲಿನ ಓಲೆಯನ್ನು ಕೇಳಿ ಇಸಿದುಕೊಂಡು ಹೋಗಿದ್ದೆ. ನಮ್ಮಲ್ಲಿ ಇದು ಹೊಸದಲ್ಲ. ಒಂದು ಬೀದಿಯ ಒಂದು ಜೊತೆ ಓಲೆ ಎಷ್ಟೋ ಮದುವೆ ಉಂಡು ಬರುತ್ತದೆ. ಜಯಮ್ಮ ಅರಿಶಿನದ ಬಟ್ಟೆಯ ಚೂರಿನಲ್ಲಿ ಸುತ್ತಿ, ಕುಂಕುಮ ಇಟ್ಟು, "ಮದ್ವೇಲಿ ಎಲ್ರೂ ನಿನ್ ಕಿವೀನೇ ನೋಡ್ಲಿ" ಎಂದು ನಗುತ್ತಾ ಕೊಟ್ಟಿದ್ದಳು. ನೋಡಿದರು ಕೂಡ. ನನ್ನದೇ ಎನ್ನುವ ಹಾಗೆ ನಾನೂ ಕತ್ತು ತಿರುಗಿಸಿ ತಿರುಗಿಸಿ ಮಾತಾಡಿದ್ದೆ.

"ಕೈಯೆಲ್ಲ ಹೊಟ್ಟಾಗೈತೆ ಜಯಮ್ಮ, ಸಂಜೀಕೆ ತಂದ್ಕೊಡ್ತೀನಿ" ಎಂದು ಹೇಳಿ ಒಳಗೆ ಹೋದೆ. ಟ್ರಂಕಿನಲ್ಲಿ ಇಟ್ಟಿದ್ದೇನೆ ಎಂಬ ಧೈರ್ಯ. ಟ್ರಂಕು ತೆಗೆದರೆ ಅಲ್ಲಿ ರೇಷ್ಮೆ ಸೀರೆಯಿತ್ತು, ನುಸಿಗುಳಿಗೆಯಿತ್ತು, ಓಲೆ ಇರಲಿಲ್ಲ. ಸೀರೆಯನ್ನೆಲ್ಲ ಕೊಡವಿದೆ. ಅಕ್ಕಿ ಡಬ್ಬ, ಸಾಸಿವೆ ಡಬ್ಬ, ದಿಂಬಿನ ಚೀಲ ಎಲ್ಲವನ್ನೂ ನೋಡಿದೆ. ಮದುವೆಯಿಂದ ಬಂದ ಸಂಜೆ ಕಿವಿಯಿಂದ ಬಿಚ್ಚಿದ್ದು ನೆನಪಿತ್ತು, ನನ್ನ ಹಳೆಯ ಓಲೆ ಹಾಕಿಕೊಂಡದ್ದು ನೆನಪಿತ್ತು, ಅದರಾಚೆಗೆ ಏನೂ ಇಲ್ಲ. ಆ ಹೊತ್ತಿಗೆ ಸರಿಯಾಗಿ ಕರೆಂಟೂ ಹೋಯಿತು.

ಕಷ್ಟ ಬಂದಾಗ ನಾನು ಮಾಡುವುದು ಒಂದೇ. ನನ್ನ ತವರು ಚನ್ನಪಟ್ಟಣದ ಕಡೆ, ನಮ್ಮವರು ದೊಡ್ಡಮಳೂರಿನ ಅಪ್ರಮೇಯ ಸ್ವಾಮಿಯ ಒಕ್ಕಲು. ಕತ್ತಲೆ ಕತ್ತಲೆಯಾಗಿದ್ದ ದೇವರ ಕೋಣೆಗೆ ಹೋಗಿ, ಗೂಡಿನಲ್ಲಿ ಕೈಗೆ ಸಿಕ್ಕ ಅರಿಶಿನದ ಬಟ್ಟೆಯನ್ನು ತೆಗೆದುಕೊಂಡು, ಅದರ ಮೇಲೆ ಒಂದು ರೂಪಾಯಿ, ಅರಿಶಿನದ ಕೊಂಬು, ಅಡಿಕೆ ಇಟ್ಟು ಬಿಗಿಯಾಗಿ ಗಂಟು ಹಾಕಿ ಮುಡುಪು ಕಟ್ಟಿದೆ. ಬೇಡಿಕೊಂಡದ್ದು ಕೈಗೂಡಿದ ಮೇಲೆ ಅದನ್ನು ಸ್ವಾಮಿಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಬಿಚ್ಚುವಂತಿಲ್ಲ. "ಓಲೆ ಸಿಕ್ಕುವಂತೆ ಮಾಡಪ್ಪ, ಮಾನ ಉಳಿಸಪ್ಪ" ಎಂದು ಹಣೆ ಹಚ್ಚಿ ಎದ್ದೆ. ಮನಸ್ಸು ಎಷ್ಟೋ ಹಗುರಾಯಿತು. ದೇವರಿಗೆ ವಹಿಸಿದ ಮೇಲೆ ನನ್ನ ಕೆಲಸ ಮುಗಿಯಿತು ಎಂದುಕೊಳ್ಳುವ ಸೋಮಾರಿತನ ನನ್ನ ಭಕ್ತಿಯಲ್ಲಿ ಮೊದಲಿನಿಂದಲೂ ಇದೆ.

ಸಂಜೆ ನಾನು ಕೊಡಲು ಹೋಗಲಿಲ್ಲ. ಜಯಮ್ಮನೇ ಬಂದಳು, ಹಾಲಿಗೆ ಹೆಪ್ಪು ಕೇಳುವ ನೆಪ. ನಡುಮನೆಯ ತುಂಬ ಬಟ್ಟೆ ಹರಡಿತ್ತು.

"ಏನಕ್ಕ ಉಡುಕ್ತಾ ಇದ್ದೀಯ?"

"ನನ್ ಓಲೆ ಕಣೆ ಜಯಮ್ಮ. ಕಾಣಿಸ್ತಾ ಇಲ್ಲ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಸ್ವಾಮಿಗೇ ಗೊತ್ತು. ಅದರಲ್ಲಿ 'ನನ್' ಎನ್ನುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ಆದರೆ ಆ ಒಂದನ್ನು ಆಡಿದ ಮೇಲೆ ವಾಪಸು ತೆಗೆದುಕೊಳ್ಳುವ ದಾರಿ ತಿಳಿಯಲಿಲ್ಲ. ಜಯಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ತನ್ನ ಓಲೆಯನ್ನು ಕೇಳಲೇ ಇಲ್ಲ. ಲೋಟವನ್ನು ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕಸ ಗುಡ್ಸಿ ತಿಪ್ಪೆಗೆ ತಾನೆ ಆಕಿರೋದು? ನಡಿ ನೋಡನ" ಎಂದಳು. ಕತ್ತಲಾಗುವವರೆಗೂ, ಮರುದಿನ ಶುಕ್ರವಾರವೂ, ಆ ಹೆಂಗಸು ನಮ್ಮ ತಿಪ್ಪೆಯನ್ನು ಕೈಯಲ್ಲಿ ಕೆದಕಿದಳು. ಮಗಳನ್ನು ನೋಡಲು ಬರುವವರಿಗೆ ಮನೆ ಸಾರಿಸುವುದನ್ನು ಬಿಟ್ಟು, ಸಗಣಿ ಗೊಬ್ಬರದಲ್ಲಿ ಮೊಣಕೈಯವರೆಗೂ ಕೈ ಹಾಕಿ ತನ್ನದೇ ಓಲೆಯನ್ನು ನನ್ನದೆಂದು ಹುಡುಕುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು "ಪಾಪ, ನಿಂಗೆ ತೊಂದ್ರೆ" ಎನ್ನುತ್ತಿದ್ದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಶನಿವಾರ ಮಧ್ಯಾಹ್ನ ನನ್ನ ಮೈದುನ ನಂಜುಂಡ ಬಂದ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳತೊಡಗಿದ ಮೇಲೆ ನಮ್ಮ ಕಡೆಯ ಗಂಡುಮಕ್ಕಳಿಗೆಲ್ಲ ಯೂನಿಫಾರಂ ಬಂದಿದೆ. ನಂಜುಂಡನಿಗೆ ಬಂದದ್ದು ಸೆಕ್ಯೂರಿಟಿಯದು. ಸಂಜೆ ಪಾಳಿ ಬಿಡುವಾಗ ಗೇಟಿನಲ್ಲಿ ನಿಂತು ಗಂಡಸರ ಮೈಮೇಲೆ ಮೆಟಲ್ ಡಿಟೆಕ್ಟರ್ ಆಡಿಸುವುದು ಅವನ ಕೆಲಸ. ಅವತ್ತು ಅವನ ಚೀಲದಲ್ಲಿ ಅಂಥವು ಎರಡಿದ್ದವು. ಎರಡೂ ರೊಟ್ಟಿ ಮಗುಚುವ ಸಟ್ಟುಗದ ಹಾಗೆ ಕಂಡವು.

"ಇದು ಹಳೇದು ಅಣ್ಣ, ಫಾರಿನ್ನು. ಬೆಂಗ್ಳೂರಲ್ಲಿ ರಿಪೇರಿ ಮಾಡ್ಸಿ ತಂದಿವ್ನಿ. ಇದು ಹೊಸ್ದು, ಅಗ್ಗದ್ದು. ಅದೊಂದ್ರ ಬೆಲೇಲಿ ಇವು ಒಂದ್ ಮೂಟೆ ಬತ್ತಾವೆ. ಎಲ್ಡೂ ಒಡ್ಡಿ ನೋಡಿ ಸೋಮವಾರ ಯೋಳು, ಇದೇ ಸಾಕು ಅಂದ್ರೆ ಎಲ್ಲಾ ಗೇಟ್ಗೂ ಇದ್ನೇ ತರ್ಸನ ಅಂದವ್ರೆ ಮೇನೇಜರ್ರು."

ನಮ್ಮ ಯಜಮಾನರಿಗೆ ಅಗ್ಗದ ವಸ್ತು ಎಂದರೆ ಮೊದಲಿನಿಂದಲೂ ಆಗದು. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಟಾರ್ಚು ಊರು ತಲುಪುವ ಮೊದಲೇ ಕೆಟ್ಟದ್ದನ್ನು ಅವರು ಇನ್ನೂ ಮರೆತಿಲ್ಲ. "ಲೇ ನಂಜುಂಡ, ಕಡ್ಮೆ ರೇಟಿನ್ದು ಬಡ್ಕೊಳೋದೇನೋ ಬಡ್ಕೊಂತದೆ ಕಣ್ಲಾ. ಯಾವ್ದುಕ್ಕೆ ಬಡ್ಕೊಂತು ಅಂತ ಅದ್ಕೇ ಗೊತ್ತಿರಕಿಲ್ಲ" ಎಂದರು.

"ನೋಡೇಬುಡನ. ಅತ್ಗೆ ಓಲೆ ಕಳ್ದೈತಂತಲ್ಲ, ಉಡುಕನ, ಎಲ್ಡಕ್ಕೂ ಪರೀಕ್ಷೆ ಆಯ್ತದೆ."

ನನಗೂ ಆಸೆ ಹುಟ್ಟಿತು. ಸ್ವಾಮಿಯೇ ಇವನನ್ನು ಕಳಿಸಿದ್ದಾನೆ ಎಂದುಕೊಂಡೆ. ಸಿಕ್ಕಿದರೆ ಯಾರಿಗೂ ಕಾಣದ ಹಾಗೆ ಸೆರಗಿಗೆ ಹಾಕಿಕೊಂಡು, ತೊಳೆದು, ಸಂಜೆ ಏನೂ ಆಗದವಳಂತೆ ಜಯಮ್ಮನಿಗೆ ಕೊಟ್ಟುಬಿಡುವ ಉಪಾಯವನ್ನೂ ಮಾಡಿದೆ.

ಅಷ್ಟರಲ್ಲಿ ಜಯಮ್ಮನೂ ಬೇಲಿ ದಾಟಿ ಬಂದಳು. ನಂಜುಂಡ ಮೊದಲು ಅಗ್ಗದ್ದನ್ನು ಹಿಡಿದ. ಅದಕ್ಕಿದ್ದದ್ದು ಒಂದೇ ಕೆಂಪು ದೀಪ, ಒಂದೇ ಕೂಗು. ಗುಂಡಿ ಒತ್ತಿ ಸುಮ್ಮನೆ ನನ್ನ ಕಡೆ ತಿರುಗಿಸಿದ, ನನ್ನ ಕಿವಿಯ ಹತ್ತಿರ ಅದು ಕೀ ಎಂದು ಅರಚಿತು.

"ಅತ್ಗೆ, ಓಲೆ ಇಲ್ಲೇ ಅವಲ್ಲ" ಎಂದ.

ಯಜಮಾನರು ನಕ್ಕರು. ನಾನೂ, "ಥೂ, ಇವು ದಿನಾ ಆಕ್ಕೊಳೋವು ಕಣಪ್ಪ. ಆ ಅಗ್ಗದ್ದಕ್ಕೆ ಏನ್ ತಿಳೀತದೆ, ಅತ್ಲಾಗಿಡು" ಎಂದು ನಕ್ಕೆ. ಜಯಮ್ಮ ನಗಲಿಲ್ಲ. ತಿಪ್ಪೆಯ ಕಡೆ ನಡೆದಳು.

ತಿಪ್ಪೆಯಲ್ಲಿ ಅಗ್ಗದ್ದು ಹೆಜ್ಜೆಗೊಮ್ಮೆ ಕೂಗಿತು. ಕೂಗಿದ ಕಡೆಯೆಲ್ಲ ಜಯಮ್ಮ ಕೈ ಹಾಕಿದಳು. ಎತ್ತಿನ ಲಾಳ ಬಂತು, ಬಾಟಲಿ ಮುಚ್ಚಳಗಳು ಬಂದವು, ಮುರಿದ ಕುಡುಗೋಲಿನ ತುದಿ ಬಂತು. ಕೋಲಾರದ ನೆಂಟರ ಮೇಲೆ ನಾನು ಗುಮಾನಿ ಪಟ್ಟಿದ್ದ ಸ್ಟೀಲಿನ ಸೌಟೂ ಬಂತು. ಯಜಮಾನರು ಬೆಲೆಯದ್ದನ್ನು ಮಗುವಿನ ಹಾಗೆ ಎತ್ತಿಕೊಂಡು ಹಿಂದೆ ಬಂದರು. ಅದಕ್ಕೆ ಸಾಲಾಗಿ ಪುಟ್ಟ ಪುಟ್ಟ ದೀಪಗಳು. ಲೋಹ ಕಡಿಮೆಯಿದ್ದರೆ ಒಂದೋ ಎರಡೋ ಹತ್ತುತ್ತಿತ್ತು, ಹೆಚ್ಚಿದ್ದರೆ ಸಾಲೆಲ್ಲ ಹತ್ತುತ್ತಿತ್ತು. "ನೋಡು, ಮೊದ್ಲು ತೂಕ ಮಾಡ್ತದೆ, ಆಮೇಲೆ ಮಾತಾಡ್ತದೆ" ಎಂದು ಅವರು ಹೆಮ್ಮೆಪಟ್ಟರು. ತೂಕ ಮಾಡಿ ಮಾತಾಡಿದರೂ ಅದು ಕೊಟ್ಟದ್ದು ಒಂದು ಮೊಳೆ. ಓಲೆ ಸಿಗಲಿಲ್ಲ.

ಮನೆಯೊಳಗೆ ಬಂದೆವು. ನಂಜುಂಡ ಕಾಲು ತೊಳೆದು ದೇವರ ಕೋಣೆಗೆ ಬಂದು ಅಗ್ಗದ್ದನ್ನು ಗೂಡಿನತ್ತ ಚಾಚಿದ. ಅರಚಿತು. ದೀಪದ ಕಂಬ, ಗಂಟೆ, ಆರತಿ ತಟ್ಟೆ ಎಲ್ಲವನ್ನೂ ನಡುಮನೆಗೆ ಸಾಗಿಸಿದೆ. ಗೂಡಿನಲ್ಲಿ ಮುಡುಪು ಬಿಟ್ಟು ಬೇರೇನೂ ಉಳಿಯಲಿಲ್ಲ. ಆಗಲೂ ಅರಚಿತು.

"ಅದು ಮುಡುಪು ಕಣೋ, ಒಳ್ಗೆ ಕಾಸೈತೆ. ದೇವ್ರ ಮುಂದೆ ಇಂಗೆ ಬಡ್ಕೊಳೋ ಮೆಷಿನ್ನು ಯಾರ್ಗೆ ಬೇಕು? ಆಫ್ ಮಾಡು" ಎಂದು ಗದರಿದೆ. ಅವನು ಮಾಡಿದ.

ಯಜಮಾನರಿಗೆ ತಮ್ಮದನ್ನೂ ಒಡ್ಡಿ ನೋಡುವ ಚಪಲ. ಒಡ್ಡಿದರು. ಸಾಲಿಗೆ ಸಾಲೇ ದೀಪ ಹತ್ತಿತು. ನಂಜುಂಡ ಜೇಬಿನಿಂದ ಒಂದು ರೂಪಾಯಿ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಹಿಡಿಸಿದ. ಎರಡೇ ದೀಪ. ಮತ್ತೆ ಮುಡುಪಿನ ಮೇಲೆ ಹಿಡಿದರೆ ಮತ್ತೆ ಪೂರ್ತಿ ಸಾಲು.

"ಅತ್ಗೆ, ಎಷ್ಟ್ ಕಾಸ್ ಕಟ್ಟಿದ್ರಿ?"

"ಒಂದೇ ಕಣಪ್ಪ" ಎಂದೆ. ಎನ್ನುತ್ತಿದ್ದಂತೆಯೇ ಎಲ್ಲ ನೆನಪಿಗೆ ಬಂತು. ಮದುವೆಯಿಂದ ಬಂದ ಸಂಜೆ ಓಲೆಯನ್ನು ಜಯಮ್ಮ ಕೊಟ್ಟಿದ್ದ ಅದೇ ಅರಿಶಿನದ ಬಟ್ಟೆಯಲ್ಲಿ ಮಡಿಸಿ, ಸ್ವಲ್ಪ ಹೊತ್ತಿಗೆಂದು ದೇವರ ಗೂಡಿನಲ್ಲಿ ಇಟ್ಟಿದ್ದೆ. ಕತ್ತಲಲ್ಲಿ ಕೈಗೆ ಸಿಕ್ಕ ಬಟ್ಟೆ ಅದೇ. ಓಲೆ ಸಿಗಲಿ ಎಂದು ಹರಕೆ ಹೊತ್ತು, ಆ ಓಲೆಯನ್ನೇ ಹರಕೆಯೊಳಗೆ ಹಾಕಿ ಬಿಗಿದಿದ್ದೆ. ಓಲೆ ಸಿಗುವ ತನಕ ಮುಡುಪು ಬಿಚ್ಚುವಂತಿಲ್ಲ. ಮುಡುಪು ಬಿಚ್ಚುವ ತನಕ ಓಲೆ ಸಿಗುವಂತಿಲ್ಲ. ಇಂಥ ಭಕ್ತರನ್ನು ಕಟ್ಟಿಕೊಂಡು ಆ ಸ್ವಾಮಿಯಾದರೂ ಏನು ಮಾಡಿಯಾನು.

ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಹೊಸಿಲ ಆಚೆ ಜಯಮ್ಮ ನಿಂತಿದ್ದಳು, ಕೈಯೆಲ್ಲ ಗೊಬ್ಬರ. ಈಗ ಬಿಚ್ಚಿದರೆ ಒಳಗಿಂದ ಬರುವುದು ಅವಳ ಕೆಂಪುಕಲ್ಲಿನ ಓಲೆ, ಅವಳ ಕಣ್ಣೆದುರಿಗೆ.

ನಾನು ಶಾಸ್ತ್ರ ಹಿಡಿದುಕೊಂಡೆ. "ಮುಡುಪು ಮನೇಲಿ ಬಿಚ್ಬಾರ್ದು. ಸ್ವಾಮಿ ಮುಂದೇನೇ ಬಿಚ್ಬೇಕು. ನಾಳೆ ಬೆಳಿಗ್ಗೆ ನಾನೊಬ್ಳೇ ದೊಡ್ಡಮಳೂರಿಗೆ ಓಗಿ ಬತ್ತೀನಿ" ಎಂದೆ.

"ನಾಳೆ ಜಯಮ್ಮನ ಮನೇಗೆ ನೆಂಟ್ರು ಬತ್ತಾರೆ, ನೀನು ಬಸ್ಸತ್ಕೊಂಡು ಓಯ್ತೀಯಾ?" ಯಜಮಾನರು ಕೇಳಿದರು.

ನಾನು ಹೋಗಿ ಬರುವಷ್ಟರಲ್ಲಿ ಗಂಡಿನವರು ಬಂದು ನೋಡಿ ಹೋಗಿರುತ್ತಾರೆ, ರತ್ನ ಬರಿಗಿವಿಯಲ್ಲಿ ಕಾಫಿ ಕೊಟ್ಟಿರುತ್ತಾಳೆ. ಅದೂ ನನಗೆ ಹೊಳೆಯಿತು. ಹೊಳೆದರೂ ಸುಮ್ಮನಿದ್ದೆ. ಇಡೀ ಪ್ರಕರಣದಲ್ಲಿ ನನಗೆ ಅತಿ ನಾಚಿಕೆಯಾಗುವುದು ಆ ಸುಮ್ಮನಿದ್ದದ್ದಕ್ಕೇ.

ಜಯಮ್ಮ ಹೊಸಿಲು ದಾಟದೆ ಮೆಲ್ಲಗೆ ಕೇಳಿದಳು. "ಏನಂತ ಬೇಡ್ಕೊಂಡು ಕಟ್ಟಿದ್ದೆ ಅಕ್ಕ?"

"ಓಲೆ ಸಿಗ್ಲಿ ಅಂತ."

"ಯಾರ್ ಓಲೆ ಅಂತ ಯೋಳಿದ್ದೆ ದೇವ್ರಿಗೆ?"

ಹೆಸರು ಹಿಡಿದು ಹೇಳಿದ್ದೆನೋ ಇಲ್ಲವೋ, ಆ ಗಾಬರಿಯಲ್ಲಿ ಯಾರಿಗೆ ನೆನಪು. ಆದರೆ ಹಣೆ ಹಚ್ಚಿ ಮಾನ ಉಳಿಸು ಎಂದು ಬೇಡುವಾಗ ಮನಸ್ಸಿನಲ್ಲಿದ್ದದ್ದು ಇವಳ ಮುಖ. ಗೂಡಿನ ಪಟದಲ್ಲಿ ಸ್ವಾಮಿ ನನ್ನನ್ನೇ ನೋಡುತ್ತಿದ್ದ. ಅವನ ಮುಂದೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ.

"ಜಯಮ್ಮನ ಓಲೆ ಅಂತ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಯಜಮಾನರ ಕೈಯಲ್ಲಿದ್ದ ಮೆಷಿನ್ನು ಇನ್ನೂ ಕೂಗುತ್ತಲೇ ಇತ್ತು. ನಂಜುಂಡ ಅದನ್ನು ತೆಗೆದುಕೊಂಡು ಆರಿಸಿದ.

"ದೇವ್ರಿಗೆ ಯೋಳಿದ್ದನ್ನ ಬೇಲಿ ಆಚೆ ಇರೋಳ್ಗೂ ಒಂದ್ ಮಾತು ಯೋಳ್ಬೋದಿತ್ತು" ಎಂದಳು ಜಯಮ್ಮ. ಸಿಟ್ಟಿನಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಂಗೆ ಗುರುವಾರವೇ ಗೊತ್ತು ಕಣಕ್ಕ. ನಿನ್ ಓಲೆ ನಿನ್ ಕಿವೀಲೇ ಅವೆ. ಎಲ್ಡನೇ ಜೊತೆ ಇದ್ದಿದ್ರೆ ನನ್ನತ್ರ ಯಾಕ್ ಇಸ್ಕೊಂಡೋಯ್ತಿದ್ದೆ?"

"ಮತ್ತೆ ತಿಪ್ಪೆಗೆ ಯಾಕ್ ಕೈ ಆಕ್ದೆ?"

"ಆಕ್ದೆ ಇನ್ನೇನ್ ಮಾಡ್ಲಿ, ನಂದೇ ಓಲೆ ಅಲ್ವಾ. ನೀನು ಇವತ್ತು ಯೋಳ್ತೀಯ, ನಾಳೆ ಯೋಳ್ತೀಯ ಅಂತ ಕಾಯ್ತಿದ್ದೆ. ಈಗ ಬಿಚ್ಚು. ಓಲೆ ಸಿಗ್ಲಿ ಅಂತಿದ್ದೆ, ಸಿಕ್ತು. ದೇವ್ರು ಅವನ್ ಕೆಲ್ಸ ಮಾಡವ್ನೆ."

ಬಿಚ್ಚಿದೆ. ರೂಪಾಯಿ, ಕೊಂಬು, ಅಡಿಕೆ, ಕೆಳಗಿನ ಮಡಿಕೆಯಲ್ಲಿ ಕೆಂಪುಕಲ್ಲಿನ ಓಲೆ. ಜಯಮ್ಮ ಹಿತ್ತಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದು ಇಸಿದುಕೊಂಡಳು. ರೂಪಾಯಿಯನ್ನು ಬೇರೆ ಬಟ್ಟೆಯಲ್ಲಿ ಮತ್ತೆ ಕಟ್ಟಲು ಹೊರಟಾಗ, "ಕಟ್ಟೋಕ್ ಮುಂಚೆ ಕಿವಿ ಮುಟ್ಟಿ ನೋಡ್ಕೊ" ಎಂದಳು. ಗಂಡಸರಿಬ್ಬರೂ ನಕ್ಕರು. ಈ ಸಲ ಅವಳೂ ನಕ್ಕಳು. ಭಾನುವಾರ ರತ್ನ ಆ ಓಲೆ ಹಾಕಿಕೊಂಡೇ ಕಾಫಿ ಕೊಟ್ಟಳು. ನನ್ನ ಪುಣ್ಯ, ನನ್ನನ್ನೂ ಕರೆದಿದ್ದರು.

ಆ ಶನಿವಾರ ಸಂಜೆ ಹೊರಡುವಾಗ ನಂಜುಂಡ ಕೇಳಿದ, "ಮೇನೇಜರ್ಗೆ ಏನಂತ ಯೋಳ್ಲಿ?" ಬೆಲೆಯದ್ದೇ ಸರಿ, ಓಲೆ ಹಿಡಿದುಕೊಟ್ಟದ್ದು ಅದೇ ತಾನೆ ಎಂದರು ಯಜಮಾನರು. ಆದರೆ ಅಗ್ಗದ್ದು ನನ್ನ ಕಿವಿಯ ಹತ್ತಿರ ಒಂದು ಸಲ, ಮುಡುಪಿನ ಹತ್ತಿರ ಒಂದು ಸಲ ಕೂಗಿ ಹೇಳಿತ್ತು. ಎರಡು ಸಲವೂ ಅದನ್ನು ಬೈದು ಬಾಯಿ ಮುಚ್ಚಿಸಿದವಳು ನಾನು. ಬೆಲೆಯದ್ದು ಹೇಳಿದಾಗ ಮಾತ್ರ ನಂಬಿದೆ. ಗುಡೇಮಾರನಹಳ್ಳಿಯಲ್ಲಿ ಕಿವಿ ನೋಡಿ ಆಮೇಲೆ ಮುಖ ನೋಡುವವರ ಬಗ್ಗೆ ನಾನು ಇನ್ನು ಮೇಲೆ ಹೆಚ್ಚು ಮಾತಾಡುವಂತಿಲ್ಲ.

ಗುರುವಾರದ ಹುರುಳಿ ಮೊರದಲ್ಲಿ ಹಾಗೆಯೇ ಇತ್ತು. ಕೋಳಿಗಳು ಒಂದಿಷ್ಟು ತಿಂದಿದ್ದವು, ಪೂರ್ತಿ ತಿಂದಿರಲಿಲ್ಲ, ಅದೂ ಒಂದು ಕೃಪೆಯೇ. ರಾತ್ರಿಯ ಬಸ್ಸಾರಿಗೆ ಬೇಕಲ್ಲ ಎಂದು ಜಗಲಿಯ ಮೇಲೆ ಕೂತು ಮತ್ತೆ ಕೇರತೊಡಗಿದೆ. ದೇವರು ಕೊಟ್ಟದ್ದನ್ನು ಬಿಟ್ಟಲ್ಲಿಂದಲೇ ನೆನೆಯೋಣ ಎಂದರೆ, ಬಿಟ್ಟದ್ದು ಜಯಮ್ಮನ ಹೆಸರಿನ ಹತ್ತಿರ. ಬೇಲಿಯಾಚೆ ಅವಳು ಮನೆ ಸಾರಿಸುತ್ತಿದ್ದ ಸದ್ದು ಕೇಳುತ್ತಿತ್ತು. ಹೆಸರನ್ನು ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ, ತಲೆ ತಗ್ಗಿಸಿಕೊಂಡು ಮೊರವನ್ನು ಒಸಿ ಜೋರಾಗಿಯೇ ಆಡಿಸಿದೆ.